ಒಳಕೋಣೆಯಲ್ಲಿ ಅತ್ತೆ: ಆ ಹತ್ತು ದಿನ ಒಂಟಿ ಮಾಡದೆ ದೂರ ಇಡುವುದು ಹೇಗೆ

2021ರ ಮೇ ತಿಂಗಳಲ್ಲಿ ನಮ್ಮ ಅತ್ತೆಗೆ ಕೊರೋನಾ ಬಂತು. ಆಗ ಅವರಿಗೆ 71. ಮಾರ್ಚಿನಲ್ಲಿ ಲಸಿಕೆಯ ಒಂದು ಡೋಸ್ ಆಗಿತ್ತು. ಡಾಕ್ಟರ್ ನೋಡಿ, ಆಕ್ಸಿಜನ್ 96 ಇದೆ, ಸದ್ಯ ಮನೆಯಲ್ಲೇ ಇರಲಿ ಅಂದರು. ಬೆಟಗೇರಿಯಲ್ಲಿ ನಮ್ಮದು ಮೂರೇ ಕೋಣೆಯ ಮನೆ. ಪಡಸಾಲೆಯಲ್ಲಿ ನನ್ನ ಹೊಲಿಗೆ ಮಷಿನ್ನು. ಇಂಥ ಮನೆಯಲ್ಲಿ ಒಬ್ಬರನ್ನು ಬೇರೆ ಇಡುವುದು ಹೇಗೆ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಮಾಡಿ ಕಲಿತದ್ದನ್ನು ಬರೆಯುತ್ತೇನೆ. ಕೆಮ್ಮು, ಜ್ವರದಿಂದ ಹರಡುವ ಯಾವ ಕಾಯಿಲೆ ಮನೆಗೆ ಬಂದರೂ ಇದು ಉಪಯೋಗಕ್ಕೆ ಬರುತ್ತದೆ.

ಮೊದಲ ದಿನವೇ ತಪ್ಪು ಮಾಡಿದೆ. ಅವರನ್ನು ಒಳಕೋಣೆಗೆ ಕಳಿಸಿ ಬಾಗಿಲು ಹಾಕಿದೆ. ಹೊಸ್ತಿಲ ಹತ್ತಿರ ತಾಟು ಇಟ್ಟು, "ಅತ್ತೀ, ಊಟಾ ಇಟ್ಟೀನ್ರಿ" ಅಂತ ಕೂಗಿ ಬಂದುಬಿಟ್ಟೆ. ಸಂಜೆ ನೋಡಿದರೆ ರೊಟ್ಟಿ ಒಣಗಿ ಸೆಟೆದಿತ್ತು. ಪಲ್ಯಕ್ಕೆ ಇರುವೆ ಮುತ್ತಿತ್ತು. "ನಾಯಿಗೆ ಇಟ್ಟಂಗ ಇಟ್ಟು ಹೋದಿ, ಹೆಂಗ ಉಣ್ಣಲಿ?" ಅಂದರು. ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಜ್ವರದಲ್ಲಿರುವ ವಯಸ್ಸಾದವರು ಒಂದು ಹೊತ್ತು ಉಣ್ಣದಿದ್ದರೂ ಸೋತು ಹೋಗುತ್ತಾರೆ. ಹಾಗಾಗಿ ಊಟಕ್ಕೆ ಜೊತೆ ಹೇಗೆ ಕೊಡುವುದು ಅಂತ ಮೊದಲು ಯೋಚಿಸಿ. ಉಳಿದದ್ದೆಲ್ಲ ಆಮೇಲೆ.

ರೋಗ ಹರಡುವುದು ಉಸಿರಿನಿಂದ. ಮಾತಾಡುವಾಗ, ಕೆಮ್ಮುವಾಗ ಹೊರಡುವ ಸಣ್ಣ ಹನಿಗಳು ಮುಚ್ಚಿದ ಕೋಣೆಯ ಗಾಳಿಯಲ್ಲಿ ಬಹಳ ಹೊತ್ತು ತೇಲುತ್ತಿರುತ್ತವೆ. ಬಯಲಿನಲ್ಲಿ ಬೇಗ ಚದುರಿ ಹೋಗುತ್ತವೆ. ನಮ್ಮ ಒಳಕೋಣೆಗೆ ಹಿತ್ತಲಿಗೆ ತೆರೆಯುವ ಬಾಗಿಲಿದೆ. ಇನ್ನೊಂದು ಕಡೆ ಕಿಟಕಿ, ಅದರಾಚೆ ಯಾರೂ ಓಡಾಡದ ಸಂದಿ. ಕಿಟಕಿಯಲ್ಲಿ ಟೇಬಲ್ ಫ್ಯಾನನ್ನು ಹೊರಗೆ ಮುಖ ಮಾಡಿ ಇಟ್ಟೆವು. ಅದು ಕೋಣೆಯ ಗಾಳಿಯನ್ನು ಹೊರಗೆ ದಬ್ಬುತ್ತದೆ, ಹಿತ್ತಲ ಕಡೆಯಿಂದ ಹೊಸ ಗಾಳಿ ಒಳಗೆ ಬರುತ್ತದೆ. ಪಡಸಾಲೆ ಕಡೆಯ ಬಾಗಿಲು ಮುಚ್ಚಿ, ಕೆಳಗಿನ ಸಂದಿಗೆ ಹಳೇ ಸೀರೆ ಸುತ್ತಿ ಒತ್ತಿದೆ.

ಎರಡನೇ ದಿನದಿಂದ ಊಟ ಹಿತ್ತಲಲ್ಲಿ. ಅತ್ತೆ ಬಾಗಿಲ ಹೊರಗೆ ಮಣೆಯ ಮೇಲೆ, ನಾವು ನುಗ್ಗೆ ಗಿಡದ ಕೆಳಗೆ. ನಡುವಿನ ಜಾಗವನ್ನು ನನ್ನ ಅಳತೆ ಟೇಪಿನಿಂದಲೇ ಅಳೆದೆ. ಟೇಪು 60 ಇಂಚು, ಅಂದರೆ ಐದು ಅಡಿ. ಟೇಪು ಮುಗಿದ ಮೇಲೆ ಇನ್ನೊಂದು ಅಡಿ ಬಿಟ್ಟು ರಂಗೋಲಿ ಪುಡಿಯಿಂದ ಗೆರೆ ಎಳೆದೆ. ಉಣ್ಣುವಾಗ ಮಾಸ್ಕ್ ಇರುವುದಿಲ್ಲ ಅಲ್ವಾ, ಅದಕ್ಕೆ ಗೆರೆ ದಾಟಬಾರದು. ಬೆಳಿಗ್ಗೆ ಎಂಟು, ಮಧ್ಯಾಹ್ನ ಒಂದು, ರಾತ್ರಿ ಎಂಟು. ಹೊತ್ತು ತಪ್ಪಿಸಬೇಡಿ. ಒಳಗಿರುವವರು ಆ ಹೊತ್ತಿಗೇ ಕಾಯುತ್ತಿರುತ್ತಾರೆ. ಜೋಳದ ನುಚ್ಚು, ಮಜ್ಜಿಗೆ ಕೊಟ್ಟರೆ ಅವತ್ತು ಪೂರ್ತಿ ಉಂಡರು. ಹಿತ್ತಲು ಇಲ್ಲದವರು ಮಾಳಿಗೆ ಮೇಲೆ ಕೂರಬಹುದು. ಅದೂ ಇಲ್ಲದಿದ್ದರೆ ಬಾಗಿಲಾಚೆ ಕೂತು ಅದೇ ಹೊತ್ತಿಗೆ ಫೋನಿನಲ್ಲಿ ಮಾತಾಡುತ್ತ ಉಣ್ಣಿ.

ಅತ್ತೆಯದು ಬಟನ್ ಫೋನು. ಕಣ್ಣು ಮಂಜು. ಕರೆ ಎತ್ತುವ ಬಟನ್ ಮೇಲೆ ಕೆಂಪು ದಾರದ ಸಣ್ಣ ಗಂಟು ಅಂಟಿಸಿದೆ, ಕೈಗೆ ಸಿಗುತ್ತದೆ. ರಾತ್ರಿಗೆ ದೇವರ ಮನೆಯ ಗಂಟೆಯನ್ನೇ ಹಾಸಿಗೆ ಪಕ್ಕ ಇಟ್ಟೆ. ದೇವರು ಏನೂ ಅಂದುಕೊಳ್ಳುವುದಿಲ್ಲ.

ಈಗ ಆಕ್ಸಿಮೀಟರ್ ವಿಷಯ, ಅಂದರೆ ಬೆರಳಿಗೆ ಸಿಕ್ಕಿಸಿ ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ನೋಡುವ ಸಣ್ಣ ಯಂತ್ರ. ಇದನ್ನು ನಿಧಾನವಾಗಿ ಓದಿ. ಆರನೇ ದಿನ ಬೆಳಿಗ್ಗೆ ಅದು 91 ತೋರಿಸಿತು. ನನ್ನ ಕೈಕಾಲು ನಡುಗಿದವು. ಡಾಕ್ಟರಿಗೆ ಫೋನ್ ಮಾಡಿದರೆ ಅವರು ಕೇಳಿದ್ದು ಒಂದೇ, "ಕೈ ತಣ್ಣಗದಾವೇನು?" ಹೌದು, ಆಗಷ್ಟೇ ತಣ್ಣೀರಲ್ಲಿ ಮುಖ ತೊಳೆದಿದ್ದರು. ಮಾಸ್ಕ್ ಹಾಕಿಕೊಂಡು ಹೋಗಿ ಬೆರಳು ತಿಕ್ಕಿ ಬೆಚ್ಚಗೆ ಮಾಡಿ, ಐದು ನಿಮಿಷ ಸುಮ್ನೆ ಕೂಡಿಸಿ ಮತ್ತೆ ನೋಡಿದರೆ 96. ಹಾಗಾಗಿ ಕೈ ಬೆಚ್ಚಗಿರಲಿ, ಉಗುರಿಗೆ ಬಣ್ಣ ಬೇಡ. ಅಂಕಿ ಒಂದೆಡೆ ನಿಲ್ಲುವ ತನಕ ಬೆರಳು ತೆಗೆಯಬೇಡಿ. ದಿನಕ್ಕೆ ಮೂರು ಸಲ ನೋಡಿ, ಹೊತ್ತಿನ ಜೊತೆ ಬರೆದಿಡಿ. ನಾನು ಗಿರಾಕಿಗಳ ಅಳತೆ ಬರೆಯುವ ವಹಿಯಲ್ಲೇ ಬರೆದೆ. ಹೀಗೆ ಸರಿಯಾಗಿ ನೋಡಿದ ಮೇಲೂ 94ಕ್ಕಿಂತ ಕಡಿಮೆ ಬಂದರೆ ಕಾಯಬೇಡಿ, ಡಾಕ್ಟರಿಗೆ ಹೇಳಿ. ಉಸಿರು ಕಟ್ಟಿದರೆ, ತುಟಿ ನೀಲಿಯಾದರೆ, ಮಾತು ತಡವರಿಸಿದರೆ 108ಕ್ಕೆ ಫೋನ್ ಮಾಡಿ. ಆಗ ಅಂಕಿ ನೋಡುತ್ತ ಕೂರುವ ಹೊತ್ತಲ್ಲ. ಈ ರೋಗದಲ್ಲಿ ಕೆಲವರಿಗೆ ಆಕ್ಸಿಜನ್ ಇಳಿದರೂ ದಮ್ಮು ಬರುವುದಿಲ್ಲ. "ನಾ ಆರಾಮದೀನಿ" ಅನ್ನುವ ಮಾತನ್ನೇ ನಂಬಿ ಬಿಡಬೇಡಿ. ಪಕ್ಕದವರಿಗೆ ಕೊಟ್ಟ ಗುಳಿಗೆ, ಅದರಲ್ಲೂ ಸ್ಟಿರಾಯ್ಡ್, ಡಾಕ್ಟರ್ ಹೇಳದೆ ಕೊಡಲೇಬೇಡಿ.

ಮಾಸ್ಕ್ ಬಗ್ಗೆ ದರ್ಜಿಯಾಗಿ ಹೇಳುತ್ತೇನೆ. ಆ ವರ್ಷ ನೂರಾರು ಬಟ್ಟೆ ಮಾಸ್ಕ್ ಹೊಲಿದೆ. ಮೂರು ಪದರ, ನೂಲು ಒತ್ತಾಗಿರುವ ಹತ್ತಿ ಬಟ್ಟೆ, ಮೂಗಿನ ಮೇಲೆ ಬಗ್ಗುವ ತಂತಿ. ಕನ್ನಡಕ ಮಂಜಾದರೆ ಮೂಗಿನ ಹತ್ತಿರ ಗಾಳಿ ಸೋರುತ್ತಿದೆ ಅಂತಲೇ ಅರ್ಥ, ತಂತಿ ಒತ್ತಿ. ಸಂತೆಗೆ ಇಷ್ಟು ನಡೆಯುತ್ತದೆ. ರೋಗಿಯ ಕೋಣೆಗೆ ಹೋಗುವಾಗ ಮಾತ್ರ ನಾನು ಹೊಲಿದದ್ದನ್ನು ಬಿಟ್ಟು ಎನ್95 ಹಾಕಿದೆ. ಅದು ಮುಖಕ್ಕೆ ಕಚ್ಚಿ ಕೂರುತ್ತದೆ, ಸಣ್ಣ ಹನಿಗಳನ್ನೂ ತಡೆಯುತ್ತದೆ. ಹೊರಗೆ ಬಂದ ಕೂಡಲೇ ಸೋಪಿನಿಂದ ಕೈ, 20 ಸೆಕೆಂಡ್.

ಬಹಳ ಕಷ್ಟವಾದದ್ದು ಮಾತಾಡಿಸಲು ಬರುವವರದು. ನಮ್ಮ ಕಡೆ ಹುಷಾರಿಲ್ಲದವರನ್ನು ನೋಡದೆ ಇರುವುದು ದೊಡ್ಡ ತಪ್ಪು. "ಬರಬ್ಯಾಡ್ರಿ" ಅಂದರೆ ಮನಸ್ಸು ಮುರಿಯುತ್ತದೆ. ಅದಕ್ಕೆ ಅವರಿಗೆ ಒಂದು ಕೆಲಸ ಕೊಡಿ. ಆಗ ಅಂಗಡಿ ತೆರೆಯುತ್ತಿದ್ದದ್ದು ಬೆಳಿಗ್ಗೆ ಸ್ವಲ್ಪ ಹೊತ್ತು ಮಾತ್ರ. ಎದುರು ಮನೆಯ ಅಕ್ಕನಿಗೆ, "ಅಕ್ಕಾ, ಕಾಯಿಪಲ್ಯೆ ತಂದು ಕಟ್ಟಿ ಮ್ಯಾಲ ಇಟ್ಟು ಹೋಗ್ರಿ, ನಾಕಕ್ಕ ಅತ್ತಿಗೆ ಫೋನ್ ಮಾಡ್ರಿ" ಅಂದೆ. ಹತ್ತು ದಿನವೂ ನಾಲ್ಕು ಗಂಟೆಗೆ ತಪ್ಪದೆ ಫೋನ್ ಮಾಡಿದರು. ಅತ್ತೆ ಮೂರೂವರೆಗೇ ಎದ್ದು ತಲೆ ಬಾಚಿಕೊಂಡು ಕೂರುತ್ತಿದ್ದರು.

ರೋಗಿ ಕೋಣೆಯಿಂದ ಹೊರಗೆ ಬರಲು ಆಗಿದ್ದ ನಿಯಮ, ಲಕ್ಷಣ ಶುರುವಾಗಿ 10 ದಿನ ಆಗಿರಬೇಕು, 3 ದಿನ ಜ್ವರ ಇರಬಾರದು. 2022ರ ಜನವರಿಯಲ್ಲಿ ಅದು ಪರೀಕ್ಷೆಯಲ್ಲಿ ಪಾಸಿಟಿವ್ ಬಂದ ಮೇಲೆ 7 ದಿನ ಅಂತ ಆಯಿತು. ಮುಂದೆ ಬೇರೆ ರೋಗ ಬಂದರೆ ಲೆಕ್ಕ ಬೇರೆ ಇರುತ್ತದೆ, 104ಕ್ಕೆ ಫೋನ್ ಮಾಡಿ ಇಲ್ಲವೇ ಆಶಾ ಕಾರ್ಯಕರ್ತೆಯನ್ನು ಕೇಳಿ.

ಜ್ವರ ಬಿಟ್ಟ ಮೇಲೆ ಕೈಗೆ ಏನಾದರೂ ಕೆಲಸ ಕೊಡಿ, ಆದರೆ ಜಾಸ್ತಿ ಬೇಡ. ಏಳನೇ ದಿನ ಅತ್ತೆ ತಾವಾಗಿ, ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವ ರಾಟಿ ಕೇಳಿದರು. ಬಾಗಿಲಲ್ಲಿ ಇಟ್ಟು ಬಂದೆ. ಸ್ವಲ್ಪ ಹೊತ್ತಿಗೆ ಪಡಸಾಲೆಗೆ ಅದರ ಕಿರಕಿರ ಸದ್ದು ಕೇಳಿತು. "ಆಯಿ ಎದ್ದಾಳ" ಅಂತ ನನ್ನ ಮಗ ಕುಣಿದ. ಸದ್ದು ನಿಂತು ಹತ್ತು ನಿಮಿಷವಾದರೆ ನಾನು ಮಷಿನ್ ನಿಲ್ಲಿಸಿ, "ಅತ್ತೀ, ಚಾ ಮಾಡ್ಲೇನ್ರಿ?" ಅಂತ ಕೂಗುತ್ತಿದ್ದೆ.