ಕಾರಿನ ಬಾಗಿಲ ಗಾಜು ಒಡೆದರೆ ಖರ್ಚು ಎಲ್ಲಿ ಏರುತ್ತದೆ, ಎಲ್ಲಿ ಉಳಿಸಬಹುದು

ಕಾಫಿ ತೋಟದ ಅಂಚಿನಲ್ಲಿ ಕಳೆ ಹೊಡೆಯುವ ಯಂತ್ರ ಓಡುತ್ತಿರುವಾಗ ಅದರ ಬ್ಲೇಡಿಗೆ ಸಿಕ್ಕ ಒಂದು ಸಣ್ಣ ಕಲ್ಲು ಸಿಡಿದು ಬಂದರೆ ಸಾಕು, ಪಕ್ಕದಲ್ಲಿ ನಿಂತ ಕಾರಿನ ಬಾಗಿಲ ಗಾಜು ಪುಡಿಯಾಗಿ ಕಲ್ಲುಸಕ್ಕರೆ ಹರಳುಗಳ ಹಾಗೆ ಸೀಟಿನ ಮೇಲೆ ಸುರಿದುಬಿಡುತ್ತದೆ. ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಪಕ್ಕದ ಗಾಜು ಒಡೆಯುವುದಕ್ಕೆ ಇದೊಂದೇ ಕಾರಣವಲ್ಲ. ಮುಂಗಾರಿನ ಗಾಳಿಗೆ ಮುರಿದು ಬೀಳುವ ಸಿಲ್ವರ್ ಓಕ್ ಕೊಂಬೆಯೂ ಉಂಟು, ನಿರ್ಜನ ಜಾಗದಲ್ಲಿ ನಿಲ್ಲಿಸಿ ಹೋದ ಕಾರಿನೊಳಗೆ ಕಾಣುವ ಬ್ಯಾಗಿನ ಆಸೆಗೆ ಗಾಜು ಒಡೆಯುವ ಕಳ್ಳರೂ ಉಂಟು. ಕಾರಣ ಯಾವುದೇ ಇರಲಿ, ಮಾಲೀಕರು ನಾಲ್ಕು ಕಡೆ ಫೋನ್ ಮಾಡಿ ವಿಚಾರಿಸಿದರೆ ನಾಲ್ಕು ಬೇರೆ ದರಗಳು ಕೇಳಿಬರುತ್ತವೆ. ಇದಕ್ಕೆ ಅಂಗಡಿಯವರ ಲಾಭಕ್ಕಿಂತ ದೊಡ್ಡ ಕಾರಣವೊಂದಿದೆ: ನಾಲ್ವರೂ ದರ ಹೇಳುತ್ತಿರುವುದು ಒಂದೇ ಕೆಲಸಕ್ಕಲ್ಲ. ಒಬ್ಬರು ಬರೀ ಗಾಜಿನ ಬೆಲೆ ಹೇಳಿದರೆ, ಇನ್ನೊಬ್ಬರು ಕೂಲಿ, ರಬ್ಬರು, ಕ್ಲಿಪ್ಪು, ತೆರಿಗೆ ಎಲ್ಲವನ್ನೂ ಸೇರಿಸಿ ಹೇಳಿರುತ್ತಾರೆ. ಆದ್ದರಿಂದ ಯಾವ ಯಾವ ಅಂಶಗಳು ಸೇರಿ ಬಿಲ್ಲು ಆಗುತ್ತದೆ ಎಂಬುದನ್ನು ತಿಳಿದುಕೊಂಡೇ ವಿಚಾರಣೆಗೆ ಇಳಿಯುವುದು ಒಳ್ಳೆಯದು.

ಒಡೆದ ಕೂಡಲೇ ಮಾಡಬೇಕಾದದ್ದು

ಮೊದಲನೆಯದಾಗಿ, ಆ ಬಾಗಿಲಿನ ಪವರ್ ವಿಂಡೋ ಸ್ವಿಚ್ಚನ್ನು ಯಾರೂ ಒತ್ತಬಾರದು. ಒಡೆದ ಗಾಜಿನ ಅರ್ಧದಷ್ಟು ಚೂರುಗಳು ಬಾಗಿಲಿನ ಒಳಗೆ ಬಿದ್ದಿರುತ್ತವೆ. ಆ ಸ್ಥಿತಿಯಲ್ಲಿ ಮೋಟಾರು ತಿರುಗಿದರೆ ಚೂರುಗಳು ಕೇಬಲ್ಲಿಗೋ ಹಳಿಗೋ ಸಿಕ್ಕಿಕೊಂಡು, ಅಲ್ಲಿಯವರೆಗೆ ಸರಿಯಾಗಿಯೇ ಇದ್ದ ಯಂತ್ರಭಾಗವೂ ಕೆಡಬಹುದು. ಗಾಜಿನ ಖರ್ಚಿನ ಮೇಲೆ ಇನ್ನೊಂದು ಖರ್ಚು ಬೀಳುವುದು ಎಷ್ಟೋ ಸಲ ಹೀಗೆ.

ಚೂರುಗಳನ್ನು ಗುಡಿಸುವ ಮುನ್ನ ಬಾಗಿಲು, ಸೀಟು, ನಂಬರ್ ಪ್ಲೇಟು ಕಾಣುವಂತೆ ಫೋಟೋ ತೆಗೆದಿಟ್ಟುಕೊಳ್ಳಬೇಕು. ಆಮೇಲೆ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಬಾಗಿಲಿನ ಚೌಕಟ್ಟಿನ ಒಳಗಿನಿಂದ ಹೊರಗೆ ಮಡಿಸಿ ಅಂಟಿಸಬೇಕು. ಪೇಂಟಿನ ಮೇಲೆ ಪ್ಯಾಕಿಂಗ್ ಟೇಪು ಹಚ್ಚಿ ನಾಲ್ಕು ದಿನ ಬಿಸಿಲಿಗೆ ಬಿಟ್ಟರೆ ಅಂಟು ಕಿತ್ತು ಬರುವುದಿಲ್ಲ. ಪೇಂಟರುಗಳು ಬಳಸುವ ಕಾಗದದ ಟೇಪು ಮೇಲು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆಯ ಮಳೆಯಲ್ಲಿ ಒಂದು ರಾತ್ರಿ ತೆರೆದ ಕಿಟಕಿಯೊಡನೆ ನಿಂತ ಕಾರಿನ ಸೀಟು, ಕಾರ್ಪೆಟ್ಟು, ಬಾಗಿಲ ಸ್ವಿಚ್ಚುಗಳಿಗೆ ಆಗುವ ಹಾನಿ ಗಾಜಿನ ಬೆಲೆಯನ್ನೇ ಮೀರಬಹುದು.

ಯಾವ ಗಾಜು ಎಂಬುದೇ ಬೆಲೆಯ ಬುನಾದಿ

ಮುಂದಿನ ಗಾಜಿನಲ್ಲಿ ಎರಡು ಪದರಗಳ ನಡುವೆ ಪ್ಲಾಸ್ಟಿಕ್ ಪೊರೆಯಿರುತ್ತದೆ, ಇದೇ ಲ್ಯಾಮಿನೇಟೆಡ್ ಗಾಜು. ಅದಕ್ಕೆ ಕಲ್ಲು ಬಡಿದರೆ ಸಣ್ಣ ಕಚ್ಚು ಬೀಳುತ್ತದೆ, ಅದನ್ನು ಕೆಲವೊಮ್ಮೆ ರಾಳ ತುಂಬಿ ಸರಿಪಡಿಸಲೂಬಹುದು. ಬಾಗಿಲ ಗಾಜು ಹಾಗಲ್ಲ. ಅದು ಸಾಮಾನ್ಯವಾಗಿ 3ರಿಂದ 5 ಮಿ.ಮೀ. ದಪ್ಪದ ಟಫನ್ಡ್ ಗಾಜು. ಕಾರ್ಖಾನೆಯಲ್ಲಿ 600 ಡಿಗ್ರಿಗೂ ಮೀರಿ ಕಾಯಿಸಿ, ಗಾಳಿ ಹಾಯಿಸಿ ಥಟ್ಟನೆ ತಣಿಸಿರುವುದರಿಂದ ಅದರ ಮೇಲ್ಮೈ ಸದಾ ಒತ್ತಡದಲ್ಲಿರುತ್ತದೆ. ಒಂದು ಬಿಂದುವಿನಲ್ಲಿ ಆ ಒತ್ತಡ ಬಿಟ್ಟುಕೊಂಡರೆ ಇಡೀ ಗಾಜು ಮೊಂಡು ಅಂಚಿನ ಚೂರುಗಳಾಗುತ್ತದೆ. ಆದ್ದರಿಂದ ಇದಕ್ಕೆ ರಿಪೇರಿ ಎಂಬುದಿಲ್ಲ, ಬದಲಾವಣೆಯೊಂದೇ ದಾರಿ. ಒಮ್ಮೆ ಹೀಗೆ ಗಟ್ಟಿಯಾದ ಗಾಜನ್ನು ಕತ್ತರಿಸುವುದಾಗಲಿ ತೂತು ಕೊರೆಯುವುದಾಗಲಿ ಸಾಧ್ಯವಿಲ್ಲವಾದ ಕಾರಣ, ಆ ಮಾಡೆಲ್ಲಿಗೆಂದೇ ತಯಾರಾದ ಗಾಜನ್ನು ತರಿಸಲೇಬೇಕು. ತೋಟಗಳಲ್ಲಿ ಇನ್ನೂ ಓಡುತ್ತಿರುವ ಹಳೆಯ ಜೀಪುಗಳ ಚಪ್ಪಟೆ ಗಾಜಿಗೆ ಮಾತ್ರ ಲ್ಯಾಮಿನೇಟೆಡ್ ಹಾಳೆಯನ್ನು ಅಳತೆಗೆ ಕತ್ತರಿಸಿ ಕೂರಿಸುವ ಅವಕಾಶವಿದೆ. ಮನೆಯ ಕಿಟಕಿಗೆ ಹಾಕುವ ಸಾದಾ ಗಾಜನ್ನು ವಾಹನಕ್ಕೆ ಹಾಕಿಸಲೇಬಾರದು. ಒಡೆದಾಗ ಅದು ಚೂರಿಯಂಥ ಉದ್ದ ಸೀಳುಗಳಾಗಿ ಒಳಗೆ ಕುಳಿತವರ ಕುತ್ತಿಗೆಗೆ ಬರುತ್ತದೆ.

ಗಾಜಿನ ಗಾತ್ರ ನೋಡಿ ಬೆಲೆ ಊಹಿಸುವುದು ಸರಿಯಲ್ಲ. ಹಿಂಬಾಗಿಲಿನ ಆಚೆ ಇರುವ ಅಂಗೈಯಗಲದ ಕ್ವಾರ್ಟರ್ ಗ್ಲಾಸು ಕೆಲವು ಕಾರುಗಳಲ್ಲಿ ಇಡೀ ಬಾಗಿಲ ಗಾಜಿಗಿಂತ ದುಬಾರಿ. ಅದರ ಸುತ್ತಲ ರಬ್ಬರು ಕಾರ್ಖಾನೆಯಲ್ಲೇ ಗಾಜಿಗೆ ಎರಕವಾಗಿ ಬಂದಿರುತ್ತದೆ, ಅದನ್ನು ಕಾರಿನ ಲೋಹದ ಚೌಕಟ್ಟಿಗೆ ಅಂಟಿನಿಂದ ಕೂರಿಸಿರುತ್ತಾರೆ. ಬಿಡಿಸಲು ಹಳೆಯ ಅಂಟು ಕತ್ತರಿಸಬೇಕು, ಹೊಸ ಅಂಟು ಹಿಡಿಯುವವರೆಗೆ ಕಾರನ್ನು ನಿಲ್ಲಿಸಬೇಕು. ಬಾಗಿಲ ಗಾಜುಗಳಲ್ಲೂ ಹಸಿರು ಛಾಯೆಯದು, ಬಿಸಿಲಿನ ಕಿರಣ ತಡೆಯುವುದು, ದುಬಾರಿ ಕಾರುಗಳಲ್ಲಿ ಸದ್ದು ತಡೆಯಲು ಪಕ್ಕಕ್ಕೂ ಲ್ಯಾಮಿನೇಟೆಡ್ ಗಾಜೇ ಇರುವುದು ಎಂಬ ಭೇದಗಳಿವೆ. ಒಂದೇ ಹೆಸರಿನ ಕಾರಿನಲ್ಲಿ ವರ್ಷ, ವೇರಿಯಂಟ್ ಬದಲಾದಂತೆ ಗಾಜೂ ಬದಲಾಗಿರಬಹುದು. ಹಾಗಾಗಿ ದರ ಕೇಳುವಾಗ ಕಾರಿನ ಹೆಸರಷ್ಟೇ ಸಾಲದು. ಆರ್‌ಸಿಯಲ್ಲಿರುವ ಛಾಸಿ ನಂಬರು, ತಯಾರಾದ ತಿಂಗಳು ಮತ್ತು ವರ್ಷ, ಎಡವೋ ಬಲವೋ, ಮುಂದೆಯೋ ಹಿಂದೆಯೋ ಎಂಬುದನ್ನು ತಿಳಿಸಬೇಕು.

ಮೂಲೆಯ ಮುದ್ರೆಯನ್ನು ಓದುವುದು

ಒಡೆಯದೆ ಉಳಿದ ಇನ್ನೊಂದು ಬಾಗಿಲ ಗಾಜಿನ ಕೆಳಮೂಲೆಯನ್ನು ಬಟ್ಟೆಯಿಂದ ಒರೆಸಿ ನೋಡಿದರೆ ಬಿಳಿಯ ಸಣ್ಣ ಅಕ್ಷರಗಳ ಮುದ್ರೆಯೊಂದು ಕಾಣುತ್ತದೆ. ಕಾರು ಕಂಪನಿಯ ಗುರುತು, ಗಾಜು ತಯಾರಕರ ಹೆಸರು, ಟಫನ್ಡ್ ಅಥವಾ ಟೆಂಪರ್ಡ್ ಎಂಬ ಸೂಚನೆ, ಐಎಸ್‌ಐ ಗುರುತು ಮತ್ತು ಐಎಸ್ 2553 ಎಂಬ ಸಂಖ್ಯೆ ಅಲ್ಲಿರುತ್ತವೆ. ಈ ಸಂಖ್ಯೆ ಸುರಕ್ಷತಾ ಗಾಜಿಗೆ ಭಾರತದಲ್ಲಿರುವ ಮಾನದಂಡ. ಅದರ ಫೋಟೋ ತೆಗೆದುಕೊಂಡು ಅಂಗಡಿಗೆ ಕಳಿಸಿದರೆ ಅರ್ಧ ಗೊಂದಲ ಅಲ್ಲಿಗೇ ಮುಗಿಯುತ್ತದೆ.

ಹಣ ಉಳಿಸುವ ಒಳ್ಳೆಯ ದಾರಿಯೂ ಈ ಮುದ್ರೆಯಲ್ಲೇ ಇದೆ. ನಮ್ಮ ದೇಶದ ಬಹಳಷ್ಟು ಕಾರುಗಳಿಗೆ ಗಾಜು ಪೂರೈಸುವವರು ಅಸಾಹಿ ಇಂಡಿಯಾ, ಸೇಂಟ್ ಗೋಬೈನ್‌ನಂಥ ಕಂಪನಿಗಳು. ಇವು ಕಾರು ಕಂಪನಿಗೆ ಕೊಡುವುದಲ್ಲದೆ ತಮ್ಮದೇ ಹೆಸರಿನಲ್ಲೂ ಮಾರುಕಟ್ಟೆಗೆ ಗಾಜು ಬಿಡುತ್ತವೆ. ಷೋರೂಮಿನ ಪೊಟ್ಟಣದಲ್ಲಿ ಬರುವ ಗಾಜಿಗೂ ಅದೇ ತಯಾರಕರ ಹೆಸರಿನಲ್ಲಿ ಹೊರಗೆ ಸಿಗುವ ಗಾಜಿಗೂ ಬೆಲೆಯಲ್ಲಿ ವ್ಯತ್ಯಾಸ ಇರುವುದರಿಂದ, ವಾರಂಟಿ ಮುಗಿದ ಕಾರಿಗೆ ಎರಡನೆಯದನ್ನು ಆರಿಸಿಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಮುದ್ರೆಯೇ ಇಲ್ಲದ ಗಾಜನ್ನು ಮಾತ್ರ ಎಷ್ಟೇ ಅಗ್ಗವಾದರೂ ಮುಟ್ಟಬಾರದು.

ಗುಜರಿಯಿಂದ ತಂದ ಹಳೆಯ ಗಾಜು ಇನ್ನೂ ಅಗ್ಗ, ತಯಾರಿಕೆ ನಿಂತ ಮಾಡೆಲ್ಲುಗಳಿಗೆ ಕೆಲವೊಮ್ಮೆ ಅದೊಂದೇ ಗತಿ. ಕೊಳ್ಳುವಾಗ ಗಾಜನ್ನು ಬೆಳಕಿಗೆ ಹಿಡಿದು ಮೇಲಿಂದ ಕೆಳಗಿನ ಗೀರುಗಳನ್ನು ನೋಡಬೇಕು, ಅಂಚನ್ನು ಬಟ್ಟೆ ಸುತ್ತಿದ ಬೆರಳಿನಿಂದ ಸವರಿ ಎಲ್ಲಾದರೂ ಚಕ್ಕೆ ಎದ್ದಿದೆಯೇ ಎಂದು ಪರೀಕ್ಷಿಸಬೇಕು. ಟಫನ್ಡ್ ಗಾಜಿನ ದುರ್ಬಲ ಜಾಗ ಅದರ ಅಂಚು. ಅಲ್ಲಿ ಚಕ್ಕೆ ಎದ್ದಿದ್ದರೆ ಒಂದು ದಿನ ಬಾಗಿಲು ಜೋರಾಗಿ ಹಾಕಿದಾಗಲೇ ಅದು ಒಡೆಯಬಹುದು.

ಬಾಗಿಲಿನ ಒಳಗೆ ಅಡಗಿರುವ ಖರ್ಚು

ಗಾಜು ಬದಲಿಸಲು ಒಳಬದಿಯ ಡೋರ್ ಪ್ಯಾಡನ್ನು ಬಿಚ್ಚಬೇಕು. ಅದನ್ನು ಹಿಡಿದಿರುವ ಪ್ಲಾಸ್ಟಿಕ್ ಕ್ಲಿಪ್ಪುಗಳಲ್ಲಿ ಒಂದೆರಡು, ಹಳೆಯ ಕಾರಾದರೆ ಇನ್ನೂ ಹೆಚ್ಚು, ಮುರಿಯುತ್ತವೆ. ಕ್ಲಿಪ್ಪಿನ ಬೆಲೆ ಅತ್ಯಲ್ಪ, ಆದರೆ ಹೊಸದನ್ನು ಹಾಕದೆ ಹಾಗೆಯೇ ಅದುಮಿ ಕೂರಿಸಿದರೆ ಹೊಂಡ ಬಿದ್ದ ರಸ್ತೆಯಲ್ಲಿ ಬಾಗಿಲು ಕಟಕಟ ಸದ್ದು ಮಾಡುತ್ತದೆ. ಪ್ಯಾಡು ತೆಗೆದ ಮೇಲೆ ಗಾಜನ್ನು ಏರಿಸಿ ಇಳಿಸುವ ವಿಂಡೋ ಮೆಷಿನ್, ಅದರ ಮೋಟಾರು, ಗಾಜು ಜಾರುವ ರಬ್ಬರಿನ ರನ್ ಚಾನೆಲ್, ಕಿಟಕಿಯ ಕೆಳ ಅಂಚಿನ ಬೀಡಿಂಗ್ ಇವೆಲ್ಲ ಕಣ್ಣಿಗೆ ಬೀಳುತ್ತವೆ. ಕಳ್ಳರು ಸಲಾಕೆ ಹಾಕಿ ಮೀಟಿದ್ದರೆ ಬೀಡಿಂಗ್ ಬಾಗಿರುತ್ತದೆ. ಕಲ್ಲು ಬಡಿದು ಒಡೆದಿದ್ದರೆ ಬಹುಶಃ ಗಾಜಿನ ಹೊರತು ಮತ್ತೇನೂ ಕೆಟ್ಟಿರುವುದಿಲ್ಲ. ಮೆಷಿನ್ ಬದಲಿಸಬೇಕೆಂದು ಗ್ಯಾರೇಜಿನವರು ಹೇಳಿದರೆ, ಮೋಟಾರು ಓಡಿಸಿ ತೋರಿಸಿ ಎಂದು ಕೇಳುವ ಹಕ್ಕು ಮಾಲೀಕರಿಗಿದೆ.

ಮಲೆನಾಡಿನವರು ವಿಶೇಷವಾಗಿ ಗಮನಿಸಬೇಕಾದ ವಸ್ತು ಇನ್ನೊಂದಿದೆ. ಡೋರ್ ಪ್ಯಾಡಿಗೂ ಲೋಹದ ಬಾಗಿಲಿಗೂ ನಡುವೆ ತೆಳುವಾದ ಒಂದು ಪ್ಲಾಸ್ಟಿಕ್ ಹಾಳೆಯನ್ನು ಕಪ್ಪು ಅಂಟಿನಿಂದ ಸುತ್ತಲೂ ಅಂಟಿಸಿರುತ್ತಾರೆ. ಮಳೆಯ ನೀರು ಗಾಜಿನ ಮೇಲಿಂದ ಇಳಿದು ಬಾಗಿಲಿನ ಒಳಗೆ ಹೋಗುವುದು ಸಹಜ; ಅದು ಕೆಳಗಿನ ತೂತುಗಳಿಂದ ಹೊರಗೆ ಹರಿಯುವಂತೆಯೇ ಬಾಗಿಲನ್ನು ಮಾಡಿರುತ್ತಾರೆ. ಆ ನೀರು ಕಾರಿನೊಳಗೆ ಬಾರದಂತೆ ತಡೆಯುವುದೇ ಈ ಹಾಳೆ. ಅವಸರದ ಕೆಲಸದಲ್ಲಿ ಅದನ್ನು ಹರಿದು ಎಸೆಯುವುದೋ ಅರ್ಧಂಬರ್ಧ ಅಂಟಿಸುವುದೋ ಆದರೆ, ಬೇಸಿಗೆಯಲ್ಲಿ ಏನೂ ಗೊತ್ತಾಗದೆ, ಮೊದಲ ಜಡಿಮಳೆಗೆ ಕಾಲಡಿಯ ಕಾರ್ಪೆಟ್ಟು ಒದ್ದೆಯಾಗಿ ವಾಸನೆ ಹಿಡಿಯುತ್ತದೆ. ಪಕ್ಕದ ಏರ್‌ಬ್ಯಾಗಿನ ಸೆನ್ಸರು ಬಾಗಿಲೊಳಗೇ ಇರುವ ಕಾರುಗಳಲ್ಲಿ ಈ ಹಾಳೆ ಮತ್ತು ವೈರುಗಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಬಾಗಿಲ ತಳದಲ್ಲಿ ಗಾಜಿನ ಚೂರು ಉಳಿದುಕೊಂಡರೆ ನೀರಿನ ತೂತುಗಳು ಮುಚ್ಚಿ, ನಿಂತ ನೀರಿನಿಂದ ತುಕ್ಕು ಶುರುವಾಗುತ್ತದೆ. ವ್ಯಾಕ್ಯೂಮ್ ಹಾಕಿ ತಳವನ್ನು ಪೂರ್ತಿ ಶುಚಿ ಮಾಡುವವರು ಕೂಲಿ ಸ್ವಲ್ಪ ಹೆಚ್ಚು ಕೇಳಿದರೆ ಕೊಡುವುದೇ ಲೇಸು. ಗಾಜು ತಾನಾಗಿ ಮೇಲೇರುವ, ಕೈ ಅಡ್ಡ ಬಂದರೆ ಕೆಳಗಿಳಿಯುವ ಸೌಲಭ್ಯವಿದ್ದರೆ ಕೆಲಸದ ನಂತರ ಅದನ್ನು ಮರುಹೊಂದಿಸಬೇಕಾಗುತ್ತದೆ. ಅದನ್ನೂ ಮೊದಲೇ ಹೇಳಿಡಬೇಕು.

ಊರಿನ ದೂರ

ಹೆಚ್ಚು ಮಾರಾಟವಾಗುವ ಕಾರುಗಳ ಗಾಜು ಹತ್ತಿರದಲ್ಲೇ ಸಿಗುವ ಸಾಧ್ಯತೆ ಹೆಚ್ಚು. ಅಪರೂಪದ ಮಾಡೆಲ್ಲಾದರೆ ಬೆಂಗಳೂರು, ಮೈಸೂರು ಅಥವಾ ಮಂಗಳೂರಿನಿಂದ ಬರಬೇಕು, ಆಗ ಸಾಗಣೆಯ ಬಾಡಿಗೆ ಮತ್ತು ಕಾಯುವ ದಿನಗಳು ಸೇರುತ್ತವೆ. ಮಳೆಗಾಲದಲ್ಲಿ ಶಿರಾಡಿ ಅಥವಾ ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ಮಂಗಳೂರಿನ ಸರಕು ತಡವಾಗುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ದಾರಿಯಲ್ಲಿ ಗಾಜು ಒಡೆದರೆ ನಷ್ಟ ಯಾರದ್ದು ಎಂಬುದನ್ನು ಮುಂಗಡ ಕೊಡುವ ಮೊದಲೇ ಇತ್ಯರ್ಥ ಮಾಡಿಕೊಳ್ಳುವುದು ಅಗತ್ಯ.

ಇನ್ಶೂರೆನ್ಸ್ ಕೇಳುವುದೋ ಬಿಡುವುದೋ

ಥರ್ಡ್ ಪಾರ್ಟಿ ಪಾಲಿಸಿ ಮಾತ್ರ ಇದ್ದರೆ ಸ್ವಂತ ಕಾರಿನ ಗಾಜಿಗೆ ಏನೂ ಸಿಗುವುದಿಲ್ಲ. ಸಮಗ್ರ ಪಾಲಿಸಿಯಿದ್ದರೆ ಗಾಜಿಗೆ ಸವಕಳಿ ಕಡಿತವಿಲ್ಲ, ಅಂದರೆ ಭಾಗ ಹಳತಾಗಿದೆ ಎಂದು ಹಣ ಕಡಿಮೆ ಮಾಡುವುದಿಲ್ಲ ಎಂಬುದು ಒಳ್ಳೆಯ ಅಂಶ. ರಬ್ಬರು, ಪ್ಲಾಸ್ಟಿಕ್ ಭಾಗಗಳಿಗೆ ಮಾತ್ರ, ಸವಕಳಿ ಕಡಿತ ತಪ್ಪಿಸುವ ಝೀರೋ ಡೆಪ್ ಎಂಬ ಹೆಚ್ಚುವರಿ ಕವರ್ ಇಲ್ಲದಿದ್ದರೆ, ಶೇ. 50 ಕಡಿತವಾಗುತ್ತದೆ. ಆದರೆ ಪ್ರತಿ ಕ್ಲೇಮಿನಲ್ಲೂ ಕಡ್ಡಾಯವಾಗಿ ಮಾಲೀಕರೇ ಭರಿಸಬೇಕಾದ ಮೊತ್ತವಿದೆ: 1500 ಸಿಸಿವರೆಗಿನ ಖಾಸಗಿ ಕಾರಿಗೆ 1,000 ರೂಪಾಯಿ, ಅದಕ್ಕೂ ಮೇಲ್ಪಟ್ಟರೆ 2,000 ರೂಪಾಯಿ.

ನಿಜವಾದ ಲೆಕ್ಕ ಇರುವುದು ನೋ ಕ್ಲೇಮ್ ಬೋನಸ್ಸಿನಲ್ಲಿ, ಅಂದರೆ ಕ್ಲೇಮ್ ಮಾಡದವರಿಗೆ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿಯಲ್ಲಿ. ಕ್ಲೇಮ್ ಇಲ್ಲದ ವರ್ಷಗಳು ಕಳೆದಂತೆ ಅದು ಶೇ. 20, 25, 35, 45, 50 ಎಂದು ಏರುತ್ತದೆ, ಒಂದು ಕ್ಲೇಮಿನಿಂದ ಸೊನ್ನೆಗೆ ಇಳಿಯುತ್ತದೆ. ಸ್ವಂತ ಹಾನಿಯ ಪ್ರೀಮಿಯಂ 8,000 ರೂಪಾಯಿ, ಬೋನಸ್ ಶೇ. 50 ಎಂದಿಟ್ಟುಕೊಳ್ಳೋಣ. 3,500 ರೂಪಾಯಿ ಬಿಲ್ಲಿಗೆ ಕ್ಲೇಮ್ ಮಾಡಿ 2,500 ಪಡೆದವರು ಮುಂದಿನ ನವೀಕರಣದಲ್ಲೇ 4,000 ಹೆಚ್ಚು ಕಟ್ಟುತ್ತಾರೆ; ಬೋನಸ್ ಮತ್ತೆ ಶೇ. 50ಕ್ಕೆ ಏರುವವರೆಗಿನ ಐದು ನವೀಕರಣಗಳನ್ನು ಕೂಡಿದರೆ, ಪ್ರೀಮಿಯಂ ಅಷ್ಟೇ ಇದ್ದಲ್ಲಿ, ಹೆಚ್ಚಾಗಿ ಕಟ್ಟುವ ಮೊತ್ತ ಒಟ್ಟು 10,000 ರೂಪಾಯಿ. ಪ್ರೀಮಿಯಂ ವರ್ಷ ವರ್ಷ ಇಳಿಯುವುದರಿಂದ ಮೊತ್ತ ಸ್ವಲ್ಪ ತಗ್ಗಬಹುದು, ತೀರ್ಮಾನ ಬದಲಾಗುವುದಿಲ್ಲ. ಸಾಮಾನ್ಯ ಬಾಗಿಲ ಗಾಜಿಗೆ ಕೈಯಿಂದ ಕೊಡುವುದೇ ಲಾಭ. ಬೋನಸ್ ರಕ್ಷಿಸುವ ಹೆಚ್ಚುವರಿ ಕವರ್ ಇದ್ದರೆ, ಇಲ್ಲವೇ ಬಾಗಿಲೂ ಜಖಂ ಆಗಿದ್ದರೆ, ಕ್ಲೇಮಿನ ಬಗ್ಗೆ ಯೋಚಿಸಬಹುದು. ಆಗ ಹಾನಿ ಅಂದಾಜಿಸುವ ಇನ್ಶೂರೆನ್ಸ್ ಸರ್ವೇಯರ್ ನೋಡುವ ಮೊದಲು ರಿಪೇರಿಗೆ ಕೈ ಹಾಕಬಾರದು. ಕಳ್ಳತನವಾಗಿದ್ದರೆ ಕ್ಲೇಮ್ ಮಾಡಲಿ ಬಿಡಲಿ, ಪೊಲೀಸರಿಗೆ ದೂರು ಕೊಡಲೇಬೇಕು. ಒಳಗಿದ್ದ ಲ್ಯಾಪ್‌ಟಾಪು, ಬ್ಯಾಗುಗಳಿಗೆ ಸಾಮಾನ್ಯ ಕಾರು ಪಾಲಿಸಿಯಲ್ಲಿ ಪರಿಹಾರವಿಲ್ಲ.

ದರ ಕೇಳುವಾಗ ಮತ್ತು ಕಾರು ಬಿಡಿಸಿಕೊಳ್ಳುವಾಗ

ಗಾಜಿನ ತಯಾರಕರ ಹೆಸರು, ಗಾಜಿನ ಬೆಲೆ, ಕೂಲಿ, ಕ್ಲಿಪ್ಪು ಮತ್ತು ರಬ್ಬರು, ಸಾಗಣೆ, ಜಿಎಸ್‌ಟಿ ಇವನ್ನು ಬೇರೆ ಬೇರೆಯಾಗಿ ವಾಟ್ಸಾಪ್‌ನಲ್ಲಿ ಬರೆದು ಕಳಿಸುವಂತೆ ಕೇಳಿದರೆ ನಾಲ್ಕು ದರಗಳನ್ನು ಹೋಲಿಸುವುದು ಸುಲಭವಾಗುತ್ತದೆ. ಕಪ್ಪು ಫಿಲ್ಮ್ ಅಂಟಿಸಿಕೊಡುತ್ತೇವೆ ಎಂದರೆ ಒಪ್ಪಬೇಕಿಲ್ಲ: 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೆಯ ನಿಯಮದ ಪ್ರಕಾರ ಪಕ್ಕದ ಗಾಜಿನ ಮೂಲಕ ಕನಿಷ್ಠ ಶೇ. 50ರಷ್ಟು ಬೆಳಕು ಹಾಯಬೇಕು, ಮತ್ತು ಸುಪ್ರೀಂ ಕೋರ್ಟ್ 2012ರಲ್ಲೇ ಕಪ್ಪು ಫಿಲ್ಮಿನ ವಿರುದ್ಧ ಆದೇಶ ನೀಡಿದೆ. ದಂಡದ ಅಪಾಯಕ್ಕೆ ಹಣ ಕೊಡುವುದಕ್ಕಿಂತ ಕಾರ್ಖಾನೆಯಿಂದಲೇ ಹಸಿರು ಛಾಯೆಯೊಡನೆ ಬರುವ ಗಾಜು ಸಾಕು.

ಹಣ ಕೊಡುವ ಮುನ್ನ ಗಾಜನ್ನು ನಾಲ್ಕಾರು ಬಾರಿ ಮೇಲೆ ಕೆಳಗೆ ಓಡಿಸಿ, ಎಲ್ಲೂ ತಡೆಯದೆ ಮೇಲಿನ ರಬ್ಬರಿಗೆ ಸಮನಾಗಿ ಕೂರುತ್ತದೆಯೇ ನೋಡಬೇಕು. ನಂತರ ಪೈಪಿನಿಂದ ಕಿಟಕಿಯ ಮೇಲೆ ಐದು ನಿಮಿಷ ನೀರು ಬಿಡಿಸಿ, ನೀರು ಬಾಗಿಲಿನ ತಳದಿಂದ ಹರಿದು ಹೋಗುತ್ತಿದೆಯೇ, ಒಳಗಿನ ಪ್ಯಾಡಿನ ಕೆಳ ಅಂಚು ಒಣಗಿಯೇ ಇದೆಯೇ ಎಂದು ಕೈಯಿಟ್ಟು ಪರೀಕ್ಷಿಸಬೇಕು. ಬಾಗಿಲು ಹಾಕಿದಾಗ ಒಳಗೆ ಚೂರುಗಳ ಸದ್ದು ಕೇಳಿಸಿದರೆ ಪ್ಯಾಡನ್ನು ಅಲ್ಲೇ ಮತ್ತೆ ಬಿಚ್ಚಿಸಿ ಶುಚಿ ಮಾಡಿಸಬೇಕು, ಮತ್ತು ನೀರು ಸೋರಿದರೆ ಉಚಿತವಾಗಿ ಸರಿಪಡಿಸುವ ಅವಧಿಯನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಬೇಕು.