ಗಾಡಿಯವರಿಗೆ ನೀವು ಕಾಣ್ತಿದ್ದೀರಾ?

ನಾನು ಬೆಳಗಿನ ಜಾವ ಪೇಪರ್ ವ್ಯಾನ್ ಓಡಿಸುತ್ತಿದ್ದೆ. ಒಂದು ದಿನ ಕಪ್ಪು ಸ್ವೆಟರ್ ಹಾಕಿದ್ದ ಅಜ್ಜ ಒಬ್ಬರು ತೀರಾ ಹತ್ತಿರ ಬಂದ ಮೇಲೆ ಕಂಡರು. ಬ್ರೇಕ್ ಒತ್ತಿದೆ. ಅವರಿಂದ ಒಂದು ಮಾರು ದೂರದಲ್ಲಿ ವ್ಯಾನ್ ನಿಂತಿತು. "ನಿನ್ನ ಲೈಟು ಆಗ್ಲಿಂದ ಕಾಣ್ತಿತ್ತಲ್ಲಪ್ಪ, ನಿಂಗೂ ನಾನು ಕಾಣ್ತೀನಿ ಅಂದ್ಕೊಂಡೆ" ಅಂದರು. ಕತ್ತಲಲ್ಲಿ ನಡೆಯುವವರು ಹೆಚ್ಚಾಗಿ ಹೀಗೇ ಅಂದುಕೊಳ್ಳುತ್ತಾರೆ.

60 ಕಿ.ಮೀ. ವೇಗದ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಡ್ರೈವರ್ ನೋಡಿ, ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ 25 ಮೀಟರ್ ಮುಗಿದಿರುತ್ತದೆ. ನಿಲ್ಲಲು ಒಣ ರಸ್ತೆಯಲ್ಲೂ ಇನ್ನೊಂದು 20 ಬೇಕು. ಡಿಮ್ ಲೈಟಿನಲ್ಲಿ ಕಪ್ಪು ಬಟ್ಟೆ ಕಾಣುವುದೇ ಸುಮಾರು 30 ಮೀಟರಿನಲ್ಲಿ. ರಿಫ್ಲೆಕ್ಟರ್ ಪಟ್ಟಿ 100 ಮೀಟರಿಗೂ ಆಚೆಯಿಂದ ಹೊಳೆಯುತ್ತದೆ.

ಆ ಪಟ್ಟಿಯನ್ನು ಎದೆಗಷ್ಟೇ ಅಲ್ಲ, ಕಣಕಾಲಿಗೂ ಕಟ್ಟಿ. ಡಿಮ್ ಲೈಟ್ ಬೀಳೋದು ಕೆಳಗೆ. ಜೊತೆಗೆ, ಎದೆಯ ಪಟ್ಟಿ ಒಂದೇ ಇದ್ದರೆ ದೂರಕ್ಕೆ ಯಾವುದೋ ಕಂಬದ ಹಾಗೆ ಕಾಣಬಹುದು. ಕಾಲಿನ ಪಟ್ಟಿ ಮುಂದೆ ಹಿಂದೆ ಆಡುತ್ತಿದ್ದರೆ ಮನುಷ್ಯ ಅಂತ ತಕ್ಷಣ ಗೊತ್ತಾಗುತ್ತದೆ. ಟಾರ್ಚಿನ ಬೆಳಕು ನೆಲಕ್ಕೆ ಬಿಡಿ, ಡ್ರೈವರ್ ಕಣ್ಣಿಗೆ ಬೇಡ.

ಫುಟ್‌ಪಾತ್ ಇಲ್ಲದ ಕಡೆ ಎದುರಿನಿಂದ ಗಾಡಿ ಬರುವ ಬದಿಯಲ್ಲೇ ನಡೆಯಿರಿ. ಬರೋದು ಕಂಡರೆ ಪಕ್ಕಕ್ಕೆ ಇಳಿಯಬಹುದು. ಆದರೂ ಹಿಂದೆ ಕಿವಿ ಇರಲಿ. ಹಿಂದಿನಿಂದ ಬಂದ ಗಾಡಿ ಓವರ್‌ಟೇಕ್ ಮಾಡಿದರೆ ನಿಮ್ಮ ಬದಿಗೇ ನುಗ್ಗುತ್ತದೆ. ಇಯರ್‌ಫೋನ್ ಅದಕ್ಕೇ ಬೇಡ ಅನ್ನೋದು. ತಿರುವಿನ ಒಳಬದಿಯಲ್ಲಿ ಮಾತ್ರ ಈ ನಿಯಮ ಬಿಡಿ. ಅಲ್ಲಿ ನಿಮಗೂ ಗಾಡಿ ಕಾಣಲ್ಲ, ಅವರಿಗೂ ನೀವು ಕಾಣಲ್ಲ. ತಿರುವಿಗೆ ಮೊದಲೇ, ಎರಡೂ ಕಡೆ ಕಾಣುವ ಜಾಗದಲ್ಲಿ ದಾಟಿ ಹೊರಬದಿಗೆ ಹೋಗಿ. ತಿರುವು ಮುಗಿದ ಮೇಲೆ ವಾಪಸ್ ಬನ್ನಿ.

ಜೊತೆಯಲ್ಲಿ ಜನ ಇದ್ದರೆ ಒಬ್ಬರ ಹಿಂದೆ ಒಬ್ಬರು. ಮಗುವಿನ ಕೈ ಹಿಡಿದಿದ್ದರೆ ಮಗು ರಸ್ತೆಯಿಂದ ಆಚೆ, ನೀವು ರಸ್ತೆ ಕಡೆ.

ತಿರುವಿನಲ್ಲಿ ಪೊದೆ ಬೆಳೆದಿದ್ದರೆ ರಸ್ತೆ ನೋಡಿಕೊಳ್ಳುವವರಿಗೆ ಫೋಟೋ ಸಮೇತ ಬರೆದು ಕೊಡಿ. ಬಾಯಲ್ಲಿ ಹೇಳಿದ್ದು ಮರೆತುಹೋಗುತ್ತೆ.

ಒಂದು ರಾತ್ರಿ ಇದನ್ನು ಮನೆಯವರಿಗೆಲ್ಲ ತೋರಿಸಿ. ಓಡಾಟವಿಲ್ಲದ ಬಯಲಿನಲ್ಲಿ ಗಾಡಿ ನಿಲ್ಲಿಸಿ ಡಿಮ್ ಲೈಟ್ ಹಾಕಿ. ಒಬ್ಬರು ದಿನಾ ಹಾಕುವ ಬಟ್ಟೆಯಲ್ಲೇ ಲೈಟಿನ ನೇರಕ್ಕೆ ದೂರ ನಡೆದು ಹೋಗಲಿ. ಉಳಿದವರು ಡ್ರೈವರ್ ಸೀಟಿನಲ್ಲಿ ಕೂತು, ಅವರು ಎಷ್ಟನೇ ಹೆಜ್ಜೆಗೆ ಕಾಣೆಯಾಗುತ್ತಾರೆ ಅಂತ ಎಣಿಸಲಿ. ಆಮೇಲೆ ಕಾಲಿಗೆ ಪಟ್ಟಿ ಕಟ್ಟಿ ಮತ್ತೆ ಎಣಿಸಿ.