ಕಸದ ಗಾಡಿ ಹಾಡು ಮುಗಿಯೋದ್ರಾಗ ಒಂದು ಸಾಮಾನು ಹೊರಗ

ನಮ್ಮ ಹುಬ್ಬಳ್ಳಿ ಮನಿಯೊಳಗ ಪ್ರತಿ ವರ್ಷ ಮಹಾನವಮಿ ಮುಂದ ದೊಡ್ಡ ಸ್ವಚ್ಛತಾ ನಡೀತಿತ್ರಿ. ಹಾಸಿಗಿ ಎಲ್ಲಾ ಒಗದು, ಅಟ್ಟದ ಮ್ಯಾಲಿನ ಡಬ್ಬಿ ಬುಟ್ಟಿ ಕೆಳಗ ಇಳಿಸಿ, ಧೂಳಾ ಹೊಡದು, ಒರಸಿ, ಹೊಳ್ಳಿ ಅವನ್ನ ಅಲ್ಲೇ ಏರಿಸಿ ಇಡೋದು. ಒಂದು ಸಾಮಾನೂ ಕಡಿಮಿ ಆಗ್ತಿದ್ದಿಲ್ಲ, ಬರೇ ತೊಳದ ಕಸಾ ಆಗ್ತಿತ್ತು ಅಷ್ಟ.

ನಾಲ್ಕು ವರ್ಷದ ಹಿಂದ ನನಗೂ ಜೋಶ್ ಬಂತು, ಒಂದು ಐತವಾರ ಇಡೀ ಮನಿ ಖಾಲಿ ಮಾಡೇ ಬಿಡ್ತೀನಿ ಅಂತ ಕುಂತೆ, ಮಧ್ಯಾಹ್ನ ಎರಡಕ್ಕ ಪಡಸಾಲಿ ತುಂಬ ಸಾಮಾನು, ಕಾಲಿಡಾಕ ಜಾಗ ಇಲ್ಲ, ಅಷ್ಟರಾಗ ಬೀಗರು ಬರ್ತೀವಿ ಅಂತ ಫೋನ್, ಎಲ್ಲಾ ಸಿಕ್ಕ ಸಿಕ್ಕ ಚೀಲಕ್ಕ ತುರುಕಿ ಒಳಗ ನೂಕಿದ್ವಿ, ಮರುದಿನ ಅದರಾಗಿಂದ ಒಂದು ಚೀಲ ರದ್ದಿ ಅಂತ ಹೋಗಿತ್ತು, ಆಮ್ಯಾಲ ನೋಡಿದ್ರ ಮನಿ ಪಟ್ಟಿ (ಮನಿ ತೆರಿಗಿ) ತುಂಬಿದ ಪಾವತಿ ಫೈಲೂ ಅದರ ಜೋಡಿ ಹೋಗೈತಿ! ರದ್ದಿ ಅಂಗಡಿಯೊಳಗ ಎರಡು ತಾಸು ಕುಂತು ಹುಡುಕಿದೆ. ಸಿಕ್ತು ಖರೆ, ಆದ್ರ ಒಂದ ದಿನದಾಗ ಎಲ್ಲಾ ಮುಗಸೋ ಹುಚ್ಚು ಅವತ್ತಿಗೇ ಬಿಟ್ಟೆ.

ಈಗ ಮಾಡೋದು ಭಾಳ ಸಣ್ಣ ಕೆಲಸ. ಬ್ಯಾರೆ ಟೈಮ್ ಅಂತ ತಗಿಯೋದಿಲ್ಲ, ದಿನಾ ನಮ್ಮ ಮನಿಯೊಳಗ ಹೆಂಗೂ ನಡಿಯೋ ಕೆಲಸಕ್ಕ ಬ್ಯಾಡಾದ ಸಾಮಾನು ಹೊರಗ ಹಾಕೋದನ್ನ ಗಂಟು ಹಾಕಿ ಬಿಟ್ಟೇನಿ.

ಮೊದಲನೇದು ಕಸದ ಗಾಡಿ. ಮುಂಜಾನೆ ಹಾಡು ಹಚ್ಕೊಂಡು ಬರ್ತೈತಲ್ಲ, ಅದರ ದನಿ ನಮ್ಮ ಓಣಿ ತಿರುವಿನ್ಯಾಗ ಕೇಳಿದ ಕೂಡಲೇ ಹಸಿ ಕಸಾ ಒಣ ಕಸಾ ಒಯ್ಯೋದರ ಜೋಡಿ ಮನಿಯೊಳಗಿನ ಒಂದು ನಿರುಪಯೋಗಿ ಸಾಮಾನು ಹೊರಗ ಹೋಗಬೇಕು. ಒಂದ ಒಂದು. ಹರಿದ ಚಪ್ಪಲ್, ಹಿಡಿಕಿ ಮುರಿದ ಜಗ್, ಇಲ್ಲಾ ಇಂಕ್ ಇಲ್ಲದ ಪೆನ್ನು. ಹಾಡು ಕೇಳಿದ ಮ್ಯಾಲ ಹುಡುಕಾಕ ಹೋದ್ರ ಆಗೂದಿಲ್ಲ, ಗಾಡಿ ಮುಂದ ಹೋಗಿರ್ತೈತಿ, ಅದಕ್ಕ ರಾತ್ರಿ ಮಲಗೋ ಮುಂಚೆ ಬಾಗಲ ಹಿಂದಿನ ಮೊಳಿಗೆ ಒಂದು ಚೀಲ ನೇತು ಹಾಕಿ ಅದರಾಗ ಇಟ್ಟು ಬಿಡ್ರಿ. ಒಡದ ಬಲ್ಬು, ಬ್ಲೇಡು, ಹಳೆ ಸೆಲ್ಲು, ತಾರೀಖು ಮುಗದ ಗುಳಿಗಿ ಇವನ್ನ ಮಾತ್ರ ಒಣ ಕಸದಾಗ ಕಲಸಬ್ಯಾಡ್ರಿ. 2016ರ ಘನತ್ಯಾಜ್ಯ ನಿಯಮದಾಗನ ಇಂಥವನ್ನ ಮೂರನೇ ಜಾತಿ, ಮನಿಯೊಳಗಿನ ಅಪಾಯದ ಕಸಾ ಅಂತ ಬ್ಯಾರೆ ಮಾಡಿದ್ರು. ಪೇಪರ್‌ನ್ಯಾಗ ಸುತ್ತಿ, ಗಾಡಿಯವ್ರಿಗೆ ಹೇಳಿ ಬ್ಯಾರೆ ಕೊಡ್ರಿ, ಇಲ್ಲಂದ್ರ ಅವರ ಕೈ ಕೊಯ್ದು ರಕ್ತ ಬರ್ತೈತಿ. ಸಿಎಫ್‌ಎಲ್ ಬಲ್ಬು ಒಡದ್ರ ಒಳಗ ಸ್ವಲ್ಪ ಪಾದರಸ ಇರ್ತೈತಿ, ಕಸಬರಿಗಿ ಆಡಸಬ್ಯಾಡ್ರಿ, ಕಿಡಕಿ ತಗದು ಹತ್ತು ನಿಮಿಷ ಹೊರಗ ಬಂದು, ಆಮ್ಯಾಲ ದಪ್ಪ ರಟ್ಟಿನಿಂದ ಬಳದು ಬಾಟ್ಲಿಗೆ ಹಾಕಿ ಮುಚ್ರಿ.

ಎರಡನೇದು ಹಾಲು. ಹಾಲು ಕಾಸಾಕ ಇಟ್ಟಾಗ ಎಲ್ಲಿ ಹೋದ್ರೂ ಉಕ್ಕತೈತಿ, ಅಲ್ಲೇ ನಿಂದ್ರಬೇಕು, ಫೋನ್ ನೋಡ್ಕೋತ ನಿಂದ್ರತೀವಿ. ಆ ಆರೇಳು ನಿಮಿಷದಾಗ ಅಡಗಿಮನಿಯ ಒಂದು ಖಾನೆ ಅಥವಾ ಒಂದು ಡಬ್ಬಿ ಅಷ್ಟ ನೋಡ್ರಿ. ನಾ ಮೊದಲ ದಿನ ತಗದದ್ದು ಪೇಡೆ ಬಾಕ್ಸ್. ಧಾರವಾಡ ಪೇಡೆ ತಿಂದು ಬಾಕ್ಸ್ ಒಗಿಯೋ ಮನಿ ನಮ್ಮ ಕಡೆ ಇಲ್ಲ ಬಿಡ್ರಿ, ಗಟ್ಟಿ ಐತಿ, ಇರಲಿ ಅಂತೀವಿ. ನಮ್ಮದರಾಗ ಏನಿತ್ತು ಗೊತ್ತೇನು, ಯಾವ ಕೀಲಿದೋ ಏನೋ ಮೂರು ಕೀಲಿಕೈ, ತುಕ್ಕು ಹಿಡದ ಪಿನ್ನು, ಸಣ್ಣ ಪಿನ್ನಿನ ನೋಕಿಯಾ ಚಾರ್ಜರ್ ತುದಿ, ಒಣಗಿ ಕಲ್ಲಾದ ಫೆವಿಕ್ವಿಕ್, ಜಂಪರ್ (ಕುಪ್ಪಸ) ಹುಕ್ಕು, ಕೆಳಗ ಹನ್ನೊಂದು 25 ಪೈಸಾ ನಾಣ್ಯ. ಅವು 2011ರ ಜೂನ್ 30ಕ್ಕನ ಚಲಾವಣೆಯಿಂದ ಹೋಗ್ಯಾವ, ನಾವು ಮಾತ್ರ ಜ್ವಾಕೀಲೆ ಇಟ್ಟೀವಿ! ಹುಕ್ಕು ಸೂಜಿ ಡಬ್ಬಿಗೆ ಹೋದ್ವು, ನಾಣ್ಯ ಮಗ ಆಡಾಕ ತಗೊಂಡ, ಉಳಿದದ್ದು ಹೊರಗ. ಅಷ್ಟರಾಗ ಹಾಲು ಮ್ಯಾಲ ಬಂತು, ಗ್ಯಾಸ್ ಬಂದ್ ಮಾಡಿದೆ. ಎರಡನೇ ಡಬ್ಬಿ ತಗೀಲಿಲ್ಲ, ತಗೀಬಾರದು, ಯಾಕಂದ್ರ ಹುರುಪಿನ್ಯಾಗ ಐದು ಡಬ್ಬಿ ತಗದ್ರ ಮತ್ತ ಆ ಐತವಾರದ ಕಥಿನ.

ಪ್ಲಾಸ್ಟಿಕ್ ಡಬ್ಬಿದು ಬಗೀಹರಸೋದು ಸಸಾರ. ಮುಚ್ಚಳ ಹಚ್ಚಿ ನೋಡ್ರಿ, ಕೂಡಲಿಲ್ಲಂದ್ರ ಡಬ್ಬಿನೂ ಬ್ಯಾಡ ಮುಚ್ಚಳಾನೂ ಬ್ಯಾಡ.

ಮೂರನೇದು ನೀರಿನ ದಿನ. 2008ರಿಂದ ಅವಳಿ ನಗರದ ಕೆಲವು ವಾರ್ಡಿಗೆ 24 ತಾಸು ನೀರು ಬಂತು, ನಮ್ಮ ಓಣಿಗೆ ಇನ್ನೂ ನಾಲ್ಕೈದು ದಿನಕ್ಕೊಮ್ಮೆನ. ಹಿಂಗಾಗಿ ನಮ್ಮ ಮನಿ ಸಾಮಾನಿನ್ಯಾಗ ಅರ್ಧ ನೀರಿಂದನ ಆಗಿರ್ತಾವು, ಡ್ರಮ್ಮು, ಹಂಡೆ, ಕೊಡ, ಪೇಂಟ್ ಡಬ್ಬಿ, ಸೀಳಿದ ಬಕೀಟು, ಸೀಳಿದ್ದಕ್ಕ ಎಂಸೀಲ್ ಹಚ್ಚಿದ ಬಕೀಟು. ಬೆಂಗಳೂರಿನವ್ರು ಬರದ ಟಿಪ್ಸ್‌ನ್ಯಾಗ ಇದಕ್ಕ ಉತ್ತರ ಇರೂದಿಲ್ಲ, ನೀರು ಹಿಡಿಯೋ ಸಾಮಾನು ಒಗೀರಿ ಅಂದ್ರ ನಾವು ಜಳಕ ಹೆಂಗ ಮಾಡೋದು? ನಾ ಮಾಡೋದಿಷ್ಟು, ನಳ ಬಂದ ದಿನ ತುಂಬೋ ಮುಂಚೆ ಒಂದೊಂದು ಪಾತ್ರಿ ಬೋರಲು ಹಾಕಿ ಒಳಗ ತಿಕ್ಕಿ ತೊಳೀತೀನಿ, ತುಂಬಿ ಮುಗದ ಮ್ಯಾಲ ಯಾವ್ಯಾವು ಖಾಲಿನ ಉಳದ್ವು ಅದನ್ನ ನೋಡ್ತೀನಿ. ಎರಡು ಸಲ ನೀರು ಬಂದು ಹೋದ್ರೂ ತುಂಬದ ಪಾತ್ರಿ ಮೋಡಕಾಕ್ಕ, ಅಂದ್ರ ಗುಜರಿಗೆ. ಇದರಾಗ ಇನ್ನೊಂದು ಲಾಭ, ಡೆಂಗಿ ಸೊಳ್ಳಿ ತತ್ತಿಯಿಂದ ರೆಕ್ಕಿ ಬಂದು ಹಾರಾಕ ಸುಮಾರು ಎಂಟು ಹತ್ತು ದಿನ ಬೇಕು, ತತ್ತಿ ಪಾತ್ರಿ ಗ್ವಾಡಿಗೆ ಅಂಟಿರ್ತಾವು, ವಾರದಾಗ ಒಮ್ಮೆ ತಿಕ್ಕಿದ್ರ ಹುಟ್ಟೂದ ಇಲ್ಲ. ಮಾಳಗಿ ಮ್ಯಾಲಿನ ಟಾಯರು, ತೆಂಗಿನ ಚಿಪ್ಪು, ಒಡದ ಹೂವಿನ ಕುಂಡ ಮಾತ್ರ ಜೂನ್ ಮಳಿ ಹಿಡಿಯೋ ಮುಂಚೇನ ಇಳಸ್ರಿ.

ಕಾಗದಾ ಬಗ್ಗೆ ಜಾಸ್ತಿ ಹೇಳೂದಿಲ್ಲ. ಉತಾರ (ಆಸ್ತಿ ಪತ್ರ), ಮನಿ ಪಟ್ಟಿ ಪಾವತಿ ಒಂದ ಕೆಂಪು ಫೈಲಿನ್ಯಾಗ, ಅದು ಟ್ರೆಝರಿ (ಕಬ್ಬಿಣದ ಕಪಾಟು) ಒಳಗ. ಎಟಿಎಂ ಚೀಟಿ, ಅಂಗಡಿ ಬಿಲ್ಲಿನಂಥ ನುಣ್ಣನ ಕಾಗದದ ಅಕ್ಷರ ದಿನಾ ಹೋದಂಗ ಮಾಸ್ತಾವು, ಮಿಕ್ಸರ್ ಗ್ಯಾರಂಟಿ ಬಿಲ್ಲು ಹಂಗ ಇದ್ರ ತಂದ ದಿನಾನ ಫೋಟೋ ಹೊಡದು ಇಟ್ಕೋರಿ.

ಅರಬಿ ವಿಷಯ ದೊಡ್ಡದು. ಓಣಿಗೆ ಬಾಂಡೆ ಮಾರೋರು ಬರ್ತಾರಲ್ಲ, ಹಳೆ ಸೀರಿ ಪ್ಯಾಂಟು ಕೊಟ್ರ ಸ್ಟೀಲ್ ಡಬ್ಬಿ ಕೊಡ್ತಾರ, ನಂಗದು ಸೇರೂದಿಲ್ಲ, ಹತ್ತು ಸೀರಿ ಹೋಗಿ ಒಂದು ಡಬರಿ ಒಳಗ ಬಂದ್ರ ಅದನ್ನ ಇಡಾಕ ಮತ್ತ ಜಾಗ ಹುಡುಕಬೇಕು. ನಮ್ಮ ಕಡೆ ಹಳೆ ಅರಬಿ ಪದರ ಹಾಕಿ ಹೊಲಿಯೋ ಹೊದಿಕಿ, ಕೌದಿ ಐತಲ್ರಿ. ಮೆತ್ತನ ಹತ್ತಿ ಸೀರಿ, ಧೋತ್ರ ತೊಳದು ಒಂದು ಗಂಟು ಕಟ್ಟಿ ಇಡ್ರಿ, ವಾರಕ್ಕೊಂದು ಅರಬಿ ಆ ಗಂಟಿಗೆ ಹಾಕಿದ್ರ ವರ್ಷದಾಗ ಒಂದು ಕೌದಿಗೆ ಸಾಕಷ್ಟು ಆಗ್ತೈತಿ, ಹೊಲಿಯೋ ಅವ್ವಗಳು ಓಣಿಗೆ ಬಂದಾಗ ಕೊಡ್ರಿ. ನೈಲಾನ್ ಸೀರಿ ಕೌದಿಗೆ ಬ್ಯಾಡ, ಪದರ ಜಾರತಾವ, ಟಾಕಿ ನೆಟ್ಟಗ ಕೂಡೂದಿಲ್ಲ. ಉಡಿ ತುಂಬಿದಾಗ ಬಂದ ಜಂಪರ್ ಪೀಸು ಒಂದು ಪಿಶವಿಗೆ ಹಾಕಿ ಬಾಗಲ ಹತ್ರನ ಇಡ್ರಿ, ಮುಂದಿನ ಕಾರ್ಯಕ್ಕ ಅಂಗಡಿಗೆ ಹೋಗೋ ಮುಂಚೆ ಅದನ್ನ ನೋಡ್ರಿ, ನಿಮಗ ಅವರು ಕೊಟ್ಟ ಪೀಸು ಹೊಳ್ಳಿ ಅವರಿಗೇ ಹೋಗದಂಗ ಮಾತ್ರ ಒಂದು ಚೀಟಿ ಚುಚ್ಚಿಡ್ರಿ, ನಾ ಒಮ್ಮೆ ಸಿಕ್ಕಿಬಿದ್ದೇನಿ.

ಇನ್ನ ಒಳಗ ಬರೋದು. ದುರ್ಗದಬೈಲ್ ಮಾರ್ಕೆಟ್ಟಿಗೆ ಒಂದು ಸಾಬೂನು ತರಾಕ ಹೋದ್ರ ನಾಲ್ಕು ಪ್ಲಾಸ್ಟಿಕ್ ಬುಟ್ಟಿ ಕೈಯಾಗ ಬಂದಿರ್ತಾವು, ಅದೂ ಮನಿ ನೀಟಾಗಿ ಇಡಾಕಂತ ತಂದ ಬುಟ್ಟಿ! ಮೊದಲ ಸಾಮಾನು ಕಡಿಮಿ ಮಾಡ್ರಿ, ಬುಟ್ಟಿ ಆಮ್ಯಾಲ.

ಹಿರೇರಿದ್ದ ಮನಿಯೊಳಗ ಬಾಯಿ ಸಂಭಾಳಿಸಬೇಕು. ನಾ ಎರಡು ವರ್ಷ ನಮ್ಮವ್ವನ ಹತ್ರ "ಇದನ್ನ ಒಗಿಯೋಣೇನ" ಅಂತ ಕೇಳಿ ಕೇಳಿ ಬೈಸ್ಕೊಂಡೆ, ಇರಲಿ ಬಿಡು, ಬರ್ತೈತಿ ಅನ್ನೋದ ಉತ್ತರ. ಆಮ್ಯಾಲ ಮಾತು ತಿರುಗಿಸಿದೆ, "ಅವ್ವಾ, ಇದನ್ನ ಯಾರಿಗರ ಕೊಡೋಣೇನ" ಅಂದೆ. ದಿನಾ ಒಂದ ಸಾಮಾನು, ಚಾ ಕುಡಿಯೋ ಮುಂದ ಕೈಯಾಗ ಹಿಡಕೊಂಡು ತೋರಸೋದು. ಬ್ಯಾಡಂದ್ರ ಮಾತಿಲ್ಲದ ಹೊಳ್ಳಿ ಇಡೋದು, ಅವರಿಗೆ ಗೊತ್ತಿಲ್ಲದ ಮಾತ್ರ ಒಂದು ಚಮಚಾನೂ ಸಾಗಸಬ್ಯಾಡ್ರಿ, ಗೊತ್ತಾದ ದಿನ ಹಿಂದಿಂದೆಲ್ಲಾ ಲೆಕ್ಕ ಕೇಳ್ತಾರ.

ಹೋದ ತಿಂಗಳ ಅಟ್ಟದ ಮ್ಯಾಲಿಂದ ಹೆಸರು ಕೊರಸಿದ ಒಂದು ದೊಡ್ಡ ಡಬರಿ ತೋರಿಸಿದೆ, ಮದುವಿಯೊಳಗ ಆಯೇರಿ ಬಂದದ್ದು, ಒಮ್ಮೆನೂ ಒಲಿ ಮ್ಯಾಲ ಏರಿಲ್ಲ. ಅವ್ವ ತಿರುವಿ ಮುರುವಿ ನೋಡಿದ್ಲು, ಸೆರಗಿಲೆ ಹೆಸರು ಒರಸಿದ್ಲು, ಹಿಂದಿನ ಮನಿಯಾಕಿಗೆ ಮಗಳ ಕುಬಸ (ಸೀಮಂತ) ಐತಿ, ಆಕಿಗೆ ಕೊಡು ಅಂದ್ಲು. ನಾ ಬಾಗಲ ದಾಟೋದ್ರಾಗ ಮತ್ತ ಕರದ್ಲು. ತಡಿ, ಅದರ ಜೋಡಿ ಮುಚ್ಚಳಾನೂ ಐತಿ, ಅಟ್ಟದ ಮ್ಯಾಲ ಎಡಕ್ಕ ನೋಡು.